ನೋಟದ ನೆನಪು ಗಟ್ಟಿ ಮಾಡುವ ಚಟುವಟಿಕೆಗಳು: ಹರಿವಾಣದ ಆಟದಿಂದ ಅಡಿಕೆ ಆರಿಸುವವರೆಗೆ

ಶಾಲೆಯ ಬೋರ್ಡಿನ ಮೇಲೆ ‘ಗೋಕರ್ಣ’ ಎಂದು ಬರೆದಿರುತ್ತದೆ. ಒಂದು ಮಗು ಒಮ್ಮೆ ತಲೆ ಎತ್ತಿ ನೋಡಿ ಪೂರ್ತಿ ಪದ ಬರೆದುಕೊಳ್ಳುತ್ತದೆ. ಪಕ್ಕದ ಮಗು ‘ಗೋ’ ಬರೆದು ತಲೆ ಎತ್ತುತ್ತದೆ, ‘ಕ’ ಬರೆದು ಮತ್ತೆ ಎತ್ತುತ್ತದೆ, ‘ಣ’ ಬರೆದ ಮೇಲೆ ಅರ್ಕಾವೊತ್ತು ಎಲ್ಲಿತ್ತೆಂದು ಇನ್ನೊಮ್ಮೆ ಹುಡುಕುತ್ತದೆ. ಅಷ್ಟರಲ್ಲಿ ಕಣ್ಣು ಕೆಳಗಿನ ಸಾಲಿಗೆ ಜಾರಿರುತ್ತದೆ, ಟೀಚರು ಬೋರ್ಡು ಒರೆಸಿಯೂ ಆಗಿರುತ್ತದೆ. ಇತ್ತ ಮನೆಯಲ್ಲಿ, ಲಕ್ವ ಹೊಡೆದು ಚೇತರಿಸಿಕೊಳ್ಳುತ್ತಿರುವ ಹಿರಿಯರು ಜೀರಿಗೆ ಬೇಕೆಂದು ಸಾಲಾಗಿ ಐದಾರು ಡಬ್ಬಿಯ ಮುಚ್ಚಳ ತೆಗೆಯುತ್ತಾರೆ. ಡಬ್ಬಿಯನ್ನು ನಿನ್ನೆ ಅಲ್ಲಿಟ್ಟವರು ಅವರೇ. ಕಂಡದ್ದನ್ನು ಮನಸ್ಸಿನಲ್ಲಿ ಹಿಡಿದಿಟ್ಟು, ಬೇಕಾದಾಗ ತೆಗೆದು ಬಳಸುವ ಈ ಶಕ್ತಿಗೆ ದೃಶ್ಯ ಸ್ಮರಣೆ ಎನ್ನುತ್ತಾರೆ. ಅದನ್ನು ಬಲಪಡಿಸಲು ಆಕ್ಯುಪೇಷನಲ್ ಥೆರಪಿಯಲ್ಲಿ (ದಿನನಿತ್ಯದ ಕೆಲಸ ತಾನೇ ಮಾಡಿಕೊಳ್ಳುವ ಶಕ್ತಿ ಬೆಳೆಸುವ ಚಿಕಿತ್ಸೆಯಲ್ಲಿ) ಮಾಡಿಸುವ ಚಟುವಟಿಕೆಗಳನ್ನು, ಕರಾವಳಿಯಲ್ಲಾಗಲಿ ಘಟ್ಟದ ಮೇಲಾಗಲಿ ಮನೆಯಲ್ಲೇ ಸಿಗುವ ಸಾಮಾನು ಬಳಸಿ ಹೇಗೆ ನಡೆಸುವುದು ಎಂಬುದನ್ನು ಇಲ್ಲಿ ಹೇಳಿದೆ. ಪಾಲಕರು, ವಿಶೇಷ ಶಿಕ್ಷಕರು, ಹೊಸದಾಗಿ ಕೆಲಸಕ್ಕೆ ಸೇರಿದ ಥೆರಪಿಸ್ಟುಗಳು ಎಲ್ಲರೂ ಇದನ್ನು ಬಳಸಬಹುದು.

ಒಂದು ಮಾತನ್ನು ಮೊದಲೇ ಸ್ಪಷ್ಟವಾಗಿ ಹೇಳಬೇಕು. ನೆನಪಿನ ಆಟವನ್ನು ದಿನಾ ಆಡಿಸಿದರೆ ಆ ಆಟ ಚೆನ್ನಾಗಿ ಬರುತ್ತದೆ. ಅದರಿಂದ ಬೋರ್ಡು ನೋಡಿ ಬರೆಯುವುದು ತಾನಾಗಿಯೇ ಸುಧಾರಿಸುತ್ತದೆ ಎಂದುಕೊಳ್ಳಬೇಡಿ. ಅಭ್ಯಾಸದ ಲಾಭ ಅದನ್ನೇ ಹೋಲುವ ಕೆಲಸಗಳಿಗೆ ಸಿಗುತ್ತದೆಯೇ ಹೊರತು ದೂರದ ಕೆಲಸಗಳಿಗೆ ಅಷ್ಟಾಗಿ ಸಿಗುವುದಿಲ್ಲ ಎಂಬುದು ಈ ಕ್ಷೇತ್ರದಲ್ಲಿ ಮತ್ತೆ ಮತ್ತೆ ಕಂಡುಬಂದ ಸಂಗತಿ. ಆದ್ದರಿಂದ 20 ನಿಮಿಷದ ಅಭ್ಯಾಸದಲ್ಲಿ ಆಟಕ್ಕೆ 12 ನಿಮಿಷ ಸಾಕು. ಉಳಿದ 8 ನಿಮಿಷ ಅದೇ ಉಪಾಯವನ್ನು ನಿಜವಾದ ಕೆಲಸಕ್ಕೆ ಹಚ್ಚಿಸಬೇಕು: ಪಾಟಿಚೀಲ ತುಂಬುವುದು, ಬೋರ್ಡಿನ ಸಾಲು ಇಳಿಸಿಕೊಳ್ಳುವುದು, ಅಡುಗೆಮನೆಯ ಕಪಾಟು, ಅಡಿಕೆಯ ರಾಶಿ. ಈ 8 ನಿಮಿಷ ಬಿಟ್ಟರೆ ಉಳಿದದ್ದೆಲ್ಲ ಬರೀ ಆಟ.

ತೊಂದರೆ ನಿಜವಾಗಿ ನೆನಪಿನದೇ?

ಅಮೆರಿಕದ ಆಕ್ಯುಪೇಷನಲ್ ಥೆರಪಿಸ್ಟ್ ಮೇರಿ ವಾರೆನ್ 1993ರಲ್ಲಿ ನೋಟದ ಕೌಶಲಗಳನ್ನು ಒಂದರ ಮೇಲೊಂದು ನಿಲ್ಲುವ ಮೆಟ್ಟಿಲುಗಳಾಗಿ ವಿವರಿಸಿದರು. ತಳದಲ್ಲಿ ಕಣ್ಣಿನ ಚಲನೆ, ನೋಟದ ವ್ಯಾಪ್ತಿ, ದೃಷ್ಟಿಯ ಸ್ಪಷ್ಟತೆ. ಅದರ ಮೇಲೆ ಗಮನ, ನಂತರ ಎಲ್ಲ ಕಡೆ ಕ್ರಮವಾಗಿ ಕಣ್ಣಾಡಿಸುವುದು, ಆಕಾರ ಗುರುತಿಸುವುದು. ದೃಶ್ಯ ಸ್ಮರಣೆ ಬರುವುದು ಇವೆಲ್ಲದರ ಮೇಲೆ. ಕೆಳಗಿನ ಮೆಟ್ಟಿಲು ಗಟ್ಟಿಯಿಲ್ಲದೆ ಮೇಲಿನದಕ್ಕೆ ಎಷ್ಟು ಅಭ್ಯಾಸ ಮಾಡಿಸಿದರೂ ದಿನ ಹೋಗುತ್ತದೆ, ಗುಣ ಕಾಣುವುದಿಲ್ಲ.

ಹಾಗಾಗಿ ಮೊದಲ ಕೆಲಸ ಕಣ್ಣಿನ ಪರೀಕ್ಷೆ. ತಾಲೂಕು ಆಸ್ಪತ್ರೆಯಲ್ಲಿ ಅದು ಆಗುತ್ತದೆ. ಕನ್ನಡಕ ಇದ್ದವರು ಅಭ್ಯಾಸದ ಹೊತ್ತಿನಲ್ಲೂ ಹಾಕಿಕೊಂಡಿರಬೇಕು. ಲಕ್ವ ಆದವರಿಗೆ ಇನ್ನೊಂದು ಸರಳ ಪರೀಕ್ಷೆ: ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, 20 ಹುಣಸೆಬೀಜಗಳನ್ನು ಎಡ–ಬಲ ಸಮನಾಗಿ ಹರಡಿ, ಎಲ್ಲವನ್ನೂ ಹೆಕ್ಕಲು ಹೇಳಿ. ಬಲಗಡೆಯವನ್ನೆಲ್ಲ ಹೆಕ್ಕಿ, ಎಡಗಡೆ ಆರೇಳು ಬೀಜ ಬಿಟ್ಟು ‘ಆಯ್ತು’ ಎಂದರೆ ಅದು ಮರೆವಲ್ಲ. ಎಡಭಾಗ ಕಾಣುತ್ತಿಲ್ಲ, ಇಲ್ಲವೇ ಮೆದುಳು ಅದನ್ನು ಗಮನಕ್ಕೆ ತೆಗೆದುಕೊಳ್ಳುತ್ತಿಲ್ಲ. ಅಂಥವರಿಗೆ ಮೊದಲು ಕಣ್ಣಾಡಿಸುವ ಅಭ್ಯಾಸ ಬೇಕು; ಎಡ ಅಂಚಿಗೆ ಒಂದು ಕೆಂಪು ಪಟ್ಟಿ ಅಂಟಿಸಿ, ಕೆಂಪು ಕಾಣುವವರೆಗೆ ತಲೆ ತಿರುಗಿಸಿದ ಮೇಲೆಯೇ ಹೆಕ್ಕಲು ಶುರು ಮಾಡಿಸಬೇಕು.

ಮಕ್ಕಳ ವಿಷಯದಲ್ಲಿ ಒಂದೇ ಮಟ್ಟದ ಮೂರು ಪದಗಳನ್ನು ಮೂರು ರೀತಿಯಲ್ಲಿ ಕೇಳಿ ನೋಡಿ. ಮೊದಲು ಪದದ ಕಾರ್ಡು ಎದುರಿಗಿಟ್ಟೇ ನಕಲು ಮಾಡಿಸಿ. ಆಮೇಲೆ ಇನ್ನೊಂದು ಕಾರ್ಡು ತೋರಿಸಿ, ಮುಚ್ಚಿ, ಹೋಲುವ ನಾಲ್ಕು ಪದಗಳಲ್ಲಿ ಅದನ್ನು ಆರಿಸಲು ಹೇಳಿ. ಕೊನೆಗೆ ಮೂರನೆಯದನ್ನು ತೋರಿಸಿ, ಮುಚ್ಚಿ, ಬರೆಸಿ. ಎದುರಿಗಿದ್ದಾಗಲೇ ನಕಲು ತಪ್ಪಿದರೆ ಕಣ್ಣು ಅಥವಾ ಕೈಯ ಕಡೆ ನೋಡಿ. ಆರಿಸುವುದು ಸರಿಯಾಗಿ ಬಂದು ಬರೆಯುವುದು ಮಾತ್ರ ತಪ್ಪಿದರೆ ನೆನಪು ಅಷ್ಟೇನೂ ಕೆಟ್ಟಿಲ್ಲ, ಅಕ್ಷರ ಕೈಗೆ ಕೂತಿಲ್ಲ. ಆರಿಸುವುದೂ ತಪ್ಪಿದರೆ ಕೆಳಗಿನ ಚಟುವಟಿಕೆಗಳು ಆ ಮಗುವಿಗೆ ಬೇಕು. ಈ ಪರೀಕ್ಷೆಗೆ ಹತ್ತು ನಿಮಿಷ ಸಾಕು, ಇದನ್ನು ತಪ್ಪಿಸಲೇಬೇಡಿ.

ಹರಿವಾಣದ ಆಟ

ಅಂಚಿರುವ ಒಂದು ಹರಿವಾಣ, ಅದನ್ನು ಮುಚ್ಚುವಷ್ಟು ದಪ್ಪ ಟವೆಲು, ಸುಮಾರು 20 ಸಣ್ಣ ವಸ್ತುಗಳು. ಬಳಚಿನ ಚಿಪ್ಪು (ಕಪ್ಪೆಚಿಪ್ಪು), ಸುಲಿಯದ ಅಡಿಕೆ, ಜಾಯಿಕಾಯಿ, ಕವಡೆ, ಕೀಲಿಕೈ, ಬಾಚಣಿಗೆ, ಚಮಚ, ಬಳೆ, ಖಾಲಿ ಬೆಂಕಿಪೆಟ್ಟಿಗೆ, ಲಿಂಬೆಹಣ್ಣು ಹೀಗೆ ಬಣ್ಣ, ಆಕಾರ, ಗಾತ್ರ ಬೇರೆ ಬೇರೆಯಾಗಿರಲಿ. ಸ್ಟೀಲಿನ ಹರಿವಾಣ ಹಾಗೇ ಇಟ್ಟರೆ ಹೊಳಪಿಗೆ ಕಣ್ಣು ಕುಕ್ಕುತ್ತದೆ, ವಸ್ತುವಿನ ಪ್ರತಿಬಿಂಬವೂ ಕಾಣುತ್ತದೆ. ಒಳಗೆ ಒಂದೇ ಬಣ್ಣದ, ಚಿತ್ರವಿಲ್ಲದ ಬಟ್ಟೆ ಹಾಸಿ. ಗುಲಗಂಜಿ ಮಾತ್ರ ಬೇಡವೇ ಬೇಡ. ನೋಡಲು ಚಂದ, ಆದರೆ ಬೀಜ ವಿಷ. ಕಚ್ಚಿ ನುಂಗಿದರೆ ಪ್ರಾಣಕ್ಕೇ ಅಪಾಯ. ಬಾಯಿಗೆ ಹಾಕಿಕೊಳ್ಳುವ ಅಭ್ಯಾಸವಿರುವ ಮಕ್ಕಳಿಗೆ ಅಡಿಕೆ, ಕವಡೆಯನ್ನೂ ಕೊಡಬೇಡಿ, ಅಂಗೈ ತುಂಬುವಷ್ಟು ದೊಡ್ಡ ವಸ್ತುಗಳನ್ನೇ ಬಳಸಿ.

ಎಷ್ಟು ವಸ್ತುಗಳಿಂದ ಶುರು ಮಾಡಬೇಕೆಂದು ಊಹಿಸಬೇಡಿ, ಅಳೆಯಿರಿ. ಎರಡು ವಸ್ತು ಇಟ್ಟು, ತೋರಿಸಿ, ಮುಚ್ಚಿ ಕೇಳಿ. ಹೀಗೆ ಎರಡು ಸಲ. ಎರಡೂ ಸಲ ಸರಿಯಾದರೆ ಮೂರು ವಸ್ತು, ಆಮೇಲೆ ನಾಲ್ಕು. ಎರಡೂ ಸಲ ಸರಿ ಬಂದ ಅತಿ ದೊಡ್ಡ ಸಂಖ್ಯೆಯೇ ನಿಮ್ಮ ಆರಂಭ. ದೊಡ್ಡವರಾದರೂ ಒಂದು ನೋಟಕ್ಕೆ ಹಿಡಿದಿಡುವುದು ಮೂರು ನಾಲ್ಕು ವಸ್ತುಗಳನ್ನಷ್ಟೇ ಎಂದು ಮನೋವಿಜ್ಞಾನಿಗಳಾದ ಲಕ್ ಮತ್ತು ವೋಗೆಲ್ 1997ರಲ್ಲಿ ಪ್ರಯೋಗದಿಂದ ತೋರಿಸಿದರು. ಮಗುವಿನ ಎದುರು ಮೊದಲ ದಿನವೇ 12 ವಸ್ತು ಸುರಿದು ‘ನೆನಪೇ ಇಲ್ಲ ಇದಕ್ಕೆ’ ಎನ್ನುವುದು ಅನ್ಯಾಯ.

ಕ್ರಮ ಹೀಗಿದೆ. ನಾಲ್ಕು ವಸ್ತುವಾದರೆ 15 ಸೆಕೆಂಡು ತೋರಿಸಿ. ಮುಚ್ಚಿ 5 ಸೆಕೆಂಡು ಸುಮ್ಮನಿರಿ. ನಂತರ ಟವೆಲಿನ ಮರೆಯಲ್ಲೇ ಒಂದನ್ನು ತೆಗೆದು ಉಳಿದವನ್ನು ತೋರಿಸಿ, ಯಾವುದು ಇಲ್ಲ ಎಂದು ಕೇಳಿ. ಮನೆಯ ಮಾತಿನಲ್ಲೇ ಕೇಳಿ. ಹವ್ಯಕರ ಮನೆಯಲ್ಲಿ ‘ತಮಾ, ಯಾವ್ದು ಕಾಣ್ತಿಲ್ಲೆ ಹೇಳು ನೋಡನ’ ಎಂದರೆ ಅದು ಆಟವಾಗುತ್ತದೆ, ಪುಸ್ತಕದ ಕನ್ನಡದಲ್ಲಿ ಕೇಳಿದರೆ ಪರೀಕ್ಷೆಯಾಗುತ್ತದೆ. ಕಾರವಾರದ ಕಡೆ ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಇರುವ ಮಕ್ಕಳು ಬಹಳ. ಅವರು ಉತ್ತರವನ್ನು ಕೊಂಕಣಿಯಲ್ಲಿ ಹೇಳಲಿ, ಇಲ್ಲವೇ ಬೆರಳಿಟ್ಟು ತೋರಿಸಲಿ. ಕನ್ನಡದ ಹೆಸರು ಹುಡುಕುವ ತಡವನ್ನು ನೆನಪಿನ ಕೊರತೆ ಎಂದು ಲೆಕ್ಕಹಾಕಿದರೆ ತಪ್ಪಾಗುತ್ತದೆ.

ಇದು ಬಂದ ಮೇಲೆ ಮುಂದಿನ ಹಂತಗಳು: ಮುಚ್ಚಿದ ಮೇಲೆ ಹತ್ತು ವಸ್ತುಗಳ ಡಬ್ಬಿಯಿಂದ ಕಂಡ ನಾಲ್ಕನ್ನು ಹೆಕ್ಕುವುದು, ಹೆಕ್ಕಿ ಅದೇ ಜಾಗದಲ್ಲಿ ಇಡುವುದು, ಏನನ್ನೂ ನೋಡದೆ ಹೇಳುವುದು ಅಥವಾ ಚಿತ್ರ ಬರೆಯುವುದು. ಗುರುತಿಸುವುದು ಸುಲಭ, ತಾನಾಗಿ ನೆನೆದು ಹೇಳುವುದು ಕಷ್ಟ, ಆದ್ದರಿಂದ ಈ ಕ್ರಮವನ್ನು ಮುರಿಯಬೇಡಿ. ಕಷ್ಟ ಹೆಚ್ಚಿಸುವಾಗ ಒಂದೇ ಸಂಗತಿ ಬದಲಿಸಿ: ವಸ್ತುವಿನ ಸಂಖ್ಯೆ, ಅಥವಾ ತೋರಿಸುವ ಹೊತ್ತು, ಅಥವಾ ಕಾಯುವ ಹೊತ್ತು. ಎರಡನ್ನು ಒಟ್ಟಿಗೆ ಬದಲಿಸಿದರೆ ಎಲ್ಲಿ ಎಡವಿದರೆಂದು ನಿಮಗೇ ತಿಳಿಯುವುದಿಲ್ಲ.

ಈ ಆಟದಲ್ಲಿ ಸದ್ದಿಲ್ಲದೆ ನುಸುಳುವ ತೊಡಕೊಂದಿದೆ. ಮಗು ಮನಸ್ಸಿನಲ್ಲೇ ‘ಕೀಲಿಕೈ, ಚಮಚ, ಬಳೆ’ ಎಂದು ಹೆಸರು ಜಪಿಸುತ್ತದೆ. ಆಗ ಅಭ್ಯಾಸವಾಗುತ್ತಿರುವುದು ಮಾತಿನ ನೆನಪು, ನೋಟದ್ದಲ್ಲ. ತಿಳಿಯುವುದು ಹೇಗೆ? ನೋಡುವಾಗ ‘ಲ ಲ ಲ’ ಎಂದು ಬಾಯಲ್ಲಿ ಹೇಳುತ್ತಿರಲಿ. ಅಂಕ ತಟ್ಟನೆ ಬಿದ್ದರೆ ಇಷ್ಟು ದಿನ ಹೆಸರೇ ಆಧಾರವಾಗಿತ್ತು ಎಂದರ್ಥ. ಅಂಥವರಿಗೆ ಹೆಸರಿಡಲು ಬಾರದ ವಸ್ತುಗಳನ್ನು ಕೊಡಿ: ಗಾತ್ರ, ಗೆರೆ, ಅಂಚು ಮಾತ್ರ ಬೇರೆಯಾಗಿರುವ ಐದು ಬಳಚಿನ ಚಿಪ್ಪುಗಳು ಇದಕ್ಕೆ ಬಹಳ ಒಳ್ಳೆಯವು. ಹೆಸರಿಡುವುದು ಕೆಟ್ಟದ್ದೇನಲ್ಲ, ನೋಟದ ನೆನಪು ತೀರಾ ಕಡಿಮೆ ಇದ್ದವರಿಗೆ ಅದೇ ಊರುಗೋಲು, ಬೇಕೆಂದೇ ಕಲಿಸಬೇಕು. ಯಾವುದನ್ನು ಬೆಳೆಸುತ್ತಿದ್ದೀರಿ ಎಂಬುದು ನಿಮಗೆ ಗೊತ್ತಿರಬೇಕು, ಅಷ್ಟೇ.

ಬರೀ ತೋರಿಸಿ ಕೇಳುವುದರಿಂದ ಪ್ರಯೋಜನ ಕಡಿಮೆ, ನೋಡುವುದನ್ನು ಕಲಿಸಬೇಕು. ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಬೆರಳಾಡಿಸುತ್ತ ನೋಡಿಸಿ. ‘ಒಟ್ಟು ಎಷ್ಟಿವೆ? ಯಾವುದರ ಪಕ್ಕ ಯಾವುದು? ಎಲ್ಲಕ್ಕಿಂತ ಬೇರೆ ಕಾಣುವುದು ಯಾವುದು?’ ಈ ಮೂರು ಪ್ರಶ್ನೆ ಮೊದಲು ನೀವು ಕೇಳಿ, ಒಂದು ವಾರದ ನಂತರ ಮಗುವೇ ತನಗೆ ತಾನು ಕೇಳಿಕೊಳ್ಳಲಿ. ಐದಕ್ಕಿಂತ ಹೆಚ್ಚು ವಸ್ತುವಾದಾಗ ಗುಂಪು ಮಾಡಿಸಿ: ಅಡುಗೆಮನೆಯವು ಮೂರು, ಸಮುದ್ರದವು ಎರಡು, ಪಾಟಿಚೀಲದವು ಎರಡು.

ತಪ್ಪುವುದು ಸಾಮಾನ್ಯವಾಗಿ ಇಲ್ಲಿ. ಅವವೇ ವಸ್ತುಗಳನ್ನು ಮತ್ತೆ ಮತ್ತೆ ಬಳಸಿದರೆ ಮಗು ಹಿಂದಿನ ಸುತ್ತಿನ ವಸ್ತುವನ್ನು ಹೇಳುತ್ತದೆ, ಹಳೆಯ ನೆನಪು ಹೊಸದಕ್ಕೆ ಅಡ್ಡ ಬರುತ್ತದೆ. ಎರಡು ಡಬ್ಬಿ ಮಾಡಿಕೊಂಡು ಸುತ್ತಿಗೊಂದರಂತೆ ಬದಲಿಸಿ. ವಸ್ತು ತೆಗೆದ ಜಾಗದ ಕಡೆಗೆ ನಿಮ್ಮ ಕಣ್ಣು ಹೋದರೆ ಮಗು ನಿಮ್ಮ ಕಣ್ಣನ್ನೇ ಓದುತ್ತದೆ. ಕೆಲವರು ಯಾವಾಗಲೂ ಮೂಲೆಯದನ್ನೇ ತೆಗೆಯುತ್ತಾರೆ, ಮಕ್ಕಳು ಅದನ್ನು ಎರಡೇ ದಿನದಲ್ಲಿ ಕಂಡುಹಿಡಿಯುತ್ತಾರೆ.

ಕೊನೆಯ 8 ನಿಮಿಷಕ್ಕೆ ನಾಳೆಯ ಪಾಟಿಚೀಲ ತನ್ನಿ. ತುಂಬಿದ ಚೀಲವನ್ನು ಅದೇ ಮೂರು ಪ್ರಶ್ನೆಯೊಂದಿಗೆ 10 ಸೆಕೆಂಡು ನೋಡಲಿ. ನೀವು ಒಂದು ವಸ್ತು ತೆಗೆಯಿರಿ, ಮಗು ಕಂಡುಹಿಡಿಯಲಿ.

ಜಾಗದ ನೆನಪಿಗೆ ಚೆನ್ನೆಮಣೆ, ಕ್ರಮದ ನೆನಪಿಗೆ ಚಿಪ್ಪಿನ ಹಲಗೆ

ಏನು ಕಂಡೆ ಎಂಬುದು ಬೇರೆ, ಎಲ್ಲಿ ಕಂಡೆ ಎಂಬುದು ಬೇರೆ. ಎರಡನೆಯದಕ್ಕೆ ಅಟ್ಟದ ಮೇಲಿರುವ ಚೆನ್ನೆಮಣೆಯನ್ನು ಇಳಿಸಿ. ಏಳು ಏಳರಂತೆ ಎರಡು ಸಾಲು, 14 ಕುಳಿ. ಮೊದಲಿಗೆ ಒಂದೇ ಸಾಲು ಬಳಸಿ, ಇನ್ನೊಂದನ್ನು ಬಟ್ಟೆಯಿಂದ ಮುಚ್ಚಿ. ಎರಡು ಕುಳಿಗೆ ಒಂದೊಂದು ಹುಣಸೆಬೀಜ ಹಾಕಿ, 5 ಸೆಕೆಂಡು ತೋರಿಸಿ, ಬೀಜ ತೆಗೆದು, ಅದೇ ಕುಳಿಗೆ ಹಾಕಲು ಹೇಳಿ. ಬಂದ ಮೇಲೆ ಮೂರು ಕುಳಿ, ನಂತರ ಎರಡೂ ಸಾಲು. ಮಗು ಒಂದು ಕುಳಿ ಆಚೀಚೆ ಹಾಕುತ್ತಿದ್ದರೆ ಅದನ್ನು ಪೂರ್ತಿ ತಪ್ಪೆಂದು ಬರೆಯಬೇಡಿ, ‘ಪಕ್ಕದ ತಪ್ಪು’ ಎಂದು ಬೇರೆ ಗುರುತು ಹಾಕಿ. ಪಕ್ಕದ ತಪ್ಪು ಹೆಚ್ಚಿದ್ದರೆ ಗುರುತಿನ ಆಧಾರ ಬೇಕು. ನಡುವಿನ ಕುಳಿಗೆ ಸೀಮೆಸುಣ್ಣದ ಚುಕ್ಕಿ ಇಟ್ಟರೆ ‘ಚುಕ್ಕಿಯಿಂದ ಎರಡನೆಯದು’ ಎಂದು ಲೆಕ್ಕ ಸಿಗುತ್ತದೆ.

ಕ್ರಮದ ನೆನಪಿಗೆ ಮನೋವಿಜ್ಞಾನ ಸಂಶೋಧಕ ಫಿಲಿಪ್ ಕೋರ್ಸಿ 1972ರಲ್ಲಿ ಬಳಸಿದ ಪರೀಕ್ಷೆ ಒಳ್ಳೆಯ ಮಾದರಿ: ಹಲಗೆಯ ಮೇಲೆ ಅಡ್ಡಾದಿಡ್ಡಿ ಕೂರಿಸಿದ ಒಂಬತ್ತು ಮರದ ತುಂಡುಗಳನ್ನು ಪರೀಕ್ಷಕರು ಒಂದು ಕ್ರಮದಲ್ಲಿ ಮುಟ್ಟುತ್ತಾರೆ, ಎದುರಿನವರು ಅದೇ ಕ್ರಮದಲ್ಲಿ ಮುಟ್ಟಬೇಕು. ಆರೋಗ್ಯವಂತ ದೊಡ್ಡವರಿಗೆ ಸಾಮಾನ್ಯವಾಗಿ ಐದಾರು ಮುಟ್ಟುವಿಕೆಯವರೆಗೆ ನೆನಪಿರುತ್ತದೆ. ಮನೆಯಲ್ಲಿ 25 ಸೆಂ.ಮೀ. ಅಗಲದ ಹಲಗೆಗೆ ಒಂಬತ್ತು ಚಿಪ್ಪುಗಳನ್ನು ಬೋರಲಾಗಿ ಅಂಟಿಸಿ. ಪ್ರತಿ ಚಿಪ್ಪಿನ ನಿಮ್ಮ ಕಡೆಯ ಬದಿಗೆ ಮಾತ್ರ 1ರಿಂದ 9ರವರೆಗೆ ಅಂಕೆ ಬರೆದುಕೊಳ್ಳಿ. ಮಗುವಿಗೆ ಅಂಕೆ ಕಂಡರೆ ಅದು ಸಂಖ್ಯೆಯ ನೆನಪಾಗಿಬಿಡುತ್ತದೆ. ಸೆಕೆಂಡಿಗೊಂದು ಮುಟ್ಟಿ, ಕೈಯನ್ನು ಪ್ರತಿ ಸಲ ಮೇಲೆತ್ತಿ. ಎಳೆದುಕೊಂಡು ಹೋದರೆ ದಾರಿಯೇ ಒಂದು ಚಿತ್ರವಾಗಿ ಸುಲಭವಾಗುತ್ತದೆ.

ಚುಕ್ಕಿ ರಂಗೋಲಿ

ಆಕಾರದ ನೆನಪಿಗೆ ಇದಕ್ಕಿಂತ ಒಳ್ಳೆಯ ಸಾಧನ ಕೊಂಡರೂ ಸಿಗಲಿಕ್ಕಿಲ್ಲ, ಏಕೆಂದರೆ ಚುಕ್ಕಿಗಳು ಅಳತೆಯ ಆಧಾರ ಕೊಡುತ್ತವೆ, ಗೆರೆಗಳನ್ನು ಒಂದೊಂದಾಗಿ ಹೆಚ್ಚಿಸುತ್ತ ಹೋಗಬಹುದು. ಪಾಟಿಯ ಮೇಲೆ 3×3 ಚುಕ್ಕಿ. ಮಾದರಿಯಲ್ಲಿ ಮೂರು ನೇರ ಗೆರೆ. 10 ಸೆಕೆಂಡು ನೋಡಿಸಿ, ಮುಚ್ಚಿ, ಮಗುವಿನ ಪಾಟಿಯಲ್ಲಿ ಮೊದಲೇ ಇಟ್ಟ ಚುಕ್ಕಿಗಳ ಮೇಲೆ ಎಳೆಯಿಸಿ. ನಂತರ ಓರೆ ಗೆರೆ, ಆಮೇಲೆ 4×4, ಬಳ್ಳಿಯಂತೆ ಸುತ್ತುವ ಗೆರೆ ಕೊನೆಗೆ. ಅಂಕ ಕೊಡುವಾಗ ಮೂರನ್ನು ಬೇರೆ ಬೇರೆ ನೋಡಿ: ಗೆರೆಗಳ ಸಂಖ್ಯೆ ಸರಿಯೇ, ಜಾಗ ಸರಿಯೇ, ಕೂಡುವ ಬಿಂದು ಸರಿಯೇ. ಗೆರೆ ಸೊಟ್ಟಗಿದ್ದರೆ ಅಂಕ ಕಡಿಯಬೇಡಿ, ಅದು ಕೈಯ ವಿಷಯ.

ಮೊದಲು ಮಾದರಿಯೂ ಮಗುವಿನ ಪಾಟಿಯೂ ಮೇಜಿನ ಮೇಲೆ ಪಕ್ಕಪಕ್ಕ ಇರಲಿ. ಒಂದು ವಾರದ ನಂತರ ಮಾದರಿ ಗೋಡೆಗೆ, ಒಂದು ಮೀಟರ್ ದೂರ. ಆಮೇಲೆ ಮೂರು ಮೀಟರ್. ತರಗತಿಯಲ್ಲಿ ದೂರದ ನಿಂತ ಬೋರ್ಡಿನಿಂದ ಹತ್ತಿರದ ಮಲಗಿದ ಪುಸ್ತಕಕ್ಕೆ ತರಬೇಕಾಗುತ್ತದೆ. ಮೇಜಿನ ಮೇಲೆ ಚೆನ್ನಾಗಿ ಮಾಡುವ ಮಗು ಅಲ್ಲಿ ಸೋಲುವುದು ಈ ಹೆಜ್ಜೆ ಬಿಟ್ಟುಹೋದದ್ದಕ್ಕೆ.

ಕನ್ನಡ ಅಕ್ಷರಗಳು: ಇಲ್ಲಿ ಹೆಚ್ಚು ಹೊತ್ತು ಕೊಡಿ

ಶಾಲೆಯ ಮಕ್ಕಳಿಗೆ ದೃಶ್ಯ ಸ್ಮರಣೆಯ ಕೊರತೆ ನಿಜವಾಗಿ ಕಾಡುವುದು ಇಲ್ಲಿ. ‘ದ–ಧ’, ‘ಬ–ಭ’ಗಳಲ್ಲಿ ಹೊಟ್ಟೆ ಸೀಳಿದೆಯೋ ಇಲ್ಲವೋ ಎಂಬ ಒಂದೇ ಸಣ್ಣ ಗೆರೆ, ‘ಪ–ಷ’ದಲ್ಲಿ ಒಳಗಿನ ಗೆರೆ. ಕನ್ನಡ ಅಂಕೆಗಳಲ್ಲಿ ‘೬–೯’. ಇವನ್ನು ಜೋಡಿಯಾಗಿ ಒಂದೇ ದಿನ ಕಲಿಸಬೇಡಿ. ಒಂದು ಪೂರ್ತಿ ಕೂತ ಮೇಲೆಯೇ ಇನ್ನೊಂದನ್ನು ತನ್ನಿ, ಆಮೇಲೆ ಎರಡನ್ನೂ ಪಕ್ಕದಲ್ಲಿಟ್ಟು ಬೇರೆಯಾಗಿರುವ ಆ ಗೆರೆಯೊಂದನ್ನೇ ಕೆಂಪು ಬಣ್ಣದಲ್ಲಿ ತೋರಿಸಿ. ಕೆಂಪನ್ನು ನಿಧಾನವಾಗಿ ತಿಳಿಯಾಗಿಸುತ್ತ ಹೋಗಿ ಕಪ್ಪಿಗೆ ತನ್ನಿ.

ಒತ್ತಕ್ಷರದ ವಿಷಯವನ್ನು ಸ್ವಲ್ಪ ಬಿಡಿಸಿ ನೋಡಬೇಕು. ನಮ್ಮ ಉತ್ತರ ಕನ್ನಡ ಜಿಲ್ಲೆಯ ಊರುಗಳ ಹೆಸರನ್ನೇ ಏಣಿಯಾಗಿ ಬಳಸಬಹುದು. ‘ಕುಮಟಾ’, ‘ಕಾರವಾರ’, ‘ಶಿರಸಿ’ ಮೊದಲ ಹಂತ, ಒತ್ತೇ ಇಲ್ಲ. ‘ಅಂಕೋಲಾ’, ‘ಮುಂಡಗೋಡ’, ‘ದಾಂಡೇಲಿ’ ಎರಡನೆಯದು, ಸೊನ್ನೆ ಬಂತು. ಮುಂದೆ ‘ಹೊನ್ನಾವರ’, ‘ಯಲ್ಲಾಪುರ’ ಸುಲಭ, ‘ಭಟ್ಕಳ’ ಕಷ್ಟ ಎಂದು ಅನೇಕರು ಎಣಿಸುತ್ತಾರೆ, ಏಕೆಂದರೆ ಮೊದಲಿನವು ಸಜಾತೀಯ, ಕೊನೆಯದು ವಿಜಾತೀಯ. ಉಚ್ಚಾರಣೆಯ ಮಟ್ಟಿಗೆ ಅದು ಸರಿ. ನೋಟದ ನೆನಪಿನ ಮಟ್ಟಿಗೆ ಉಲ್ಟಾ. ‘ಟ್ಕ’ದಲ್ಲಿ ಕೆಳಗಿರುವುದು ತಲೆಕಟ್ಟು ಕಳೆದ ‘ಕ’, ನೋಡಿದರೆ ಗುರುತು ಸಿಗುತ್ತದೆ. ‘ನ್ನ’, ‘ಲ್ಲ’ಗಳ ಒತ್ತಿಗೂ ಮೂಲ ಅಕ್ಷರಕ್ಕೂ ಆಕಾರದಲ್ಲಿ ಹೋಲಿಕೆಯಿಲ್ಲ, ಬೇರೆಯದೇ ಚಿತ್ರವಾಗಿ ನೆನಪಿಡಬೇಕು. ತ, ನ, ಮ, ಯ, ರ, ಲ ಈ ಆರರ ಒತ್ತುಗಳೂ ಹೀಗೆಯೇ. ಮಗು ‘ಹೊನ್ನಾವರ’ದಲ್ಲಿ ನ ಕೆಳಗೆ ಸಣ್ಣ ನ ಬರೆದರೆ ಅದು ಅಜಾಗರೂಕತೆಯಲ್ಲ, ಚಿತ್ರ ನೆನಪಿಲ್ಲದೆ ತರ್ಕದಿಂದ ಬರೆದದ್ದು. ಈ ಆರಕ್ಕೆ ಬೇರೆ ಕಾರ್ಡು ಮಾಡಿ, ದಿನಕ್ಕೆ ಒಂದೇ ಒತ್ತು ತೆಗೆದುಕೊಳ್ಳಿ. ‘ಗೋಕರ್ಣ’ ಕೊನೆಗೆ ಬರಲಿ: ಉಚ್ಚಾರದಲ್ಲಿ ಮೊದಲು ಬರುವ ‘ರ್’ ಬರವಣಿಗೆಯಲ್ಲಿ ಣ ಆದ ಮೇಲೆ ಬರುತ್ತದೆ, ಆಕಾರವೂ ‘೯’ರಂತೆಯೇ ಇರುತ್ತದೆ. ಕಿವಿ ಇಲ್ಲಿ ದಾರಿ ತಪ್ಪಿಸುತ್ತದೆ, ಕಣ್ಣೇ ಗತಿ.

ಅಭ್ಯಾಸದ ವಿಧಾನ ನೋಡು, ಮುಚ್ಚು, ಬರೆ, ಹೋಲಿಸು. ಕಾರ್ಡು 15 ಸೆಂ.ಮೀ. ಉದ್ದ, 7 ಸೆಂ.ಮೀ. ಅಗಲ, ಅಕ್ಷರ 3 ಸೆಂ.ಮೀ. ಎತ್ತರ, ಹೊಳಪಿಲ್ಲದ ತಿಳಿಹಳದಿ ಕಾಗದದ ಮೇಲೆ ಕಪ್ಪು. 8 ಸೆಕೆಂಡು ನೋಡಲಿ, ಕಣ್ಣು ಕಾರ್ಡಿನ ಮೇಲಿಟ್ಟೇ ಗಾಳಿಯಲ್ಲಿ ಬೆರಳಿಂದ ಬರೆಯಲಿ. ಕಣ್ಣು ಮುಚ್ಚಿ ಪದವನ್ನು ಒಮ್ಮೆ ಕಾಣಲಿ. ಕಾರ್ಡು ಮುಚ್ಚಿ 3 ಸೆಕೆಂಡು ಬಿಟ್ಟು ಬರೆಯಲಿ. ಆಮೇಲೆ ಕಾರ್ಡು ತೆರೆದು, ತಾನೇ ಪೆನ್ಸಿಲ್ ತುದಿ ಇಟ್ಟು ಅಕ್ಷರ ಅಕ್ಷರ ಹೋಲಿಸಲಿ. ತಪ್ಪಿದ್ದರೆ ಆ ಜಾಗವನ್ನಷ್ಟೇ ಒರೆಸಿ ತಿದ್ದಲು ಬಿಡಬೇಡಿ. ತೇಪೆ ಹಾಕಿದರೆ ಇಡೀ ಪದದ ಚಿತ್ರ ಮನಸ್ಸಿನಲ್ಲಿ ಕೂರುವುದೇ ಇಲ್ಲ. ಅಡ್ಡಗೆರೆ ಎಳೆದು, ಮೊದಲಿಂದ ನೋಡಿ, ಪೂರ್ತಿ ಪದ ಹೊಸದಾಗಿ ಬರೆಯಲಿ. ದಿನಕ್ಕೆ ಮೂರೇ ಹೊಸ ಪದ. ಕಲಿತದ್ದನ್ನು ಮರುದಿನ, ಮೂರನೇ ದಿನ, ಒಂದು ವಾರಕ್ಕೆ ಮತ್ತೆ ಕೇಳಿ. ಒಂದೇ ದಿನ ಇಪ್ಪತ್ತು ಸಲ ಬರೆಸುವ ಹಳೆಯ ಪದ್ಧತಿಯಲ್ಲಿ ಐದನೆಯ ಸಲದಿಂದ ಮಗು ಮೇಲಿನ ಸಾಲು ನೋಡಿ ಬರೆಯುತ್ತದೆ, ನೆನಪಿಗೆ ಕೆಲಸವೇ ಇರುವುದಿಲ್ಲ.

ಸುಧಾರಣೆ ಅಳೆಯಲು ತಲೆ ಎತ್ತಿದ ಲೆಕ್ಕ ಇಡಿ. ಗೋಡೆಯ ಮೇಲೆ ಐದು ಪದದ ಒಂದು ಸಾಲು ಬರೆದು ನಕಲು ಮಾಡಿಸಿ, ಮಗು ತಲೆ ಎತ್ತಿದಾಗಲೆಲ್ಲ ಒಂದು ಗೀಟು ಹಾಕಿ. ಅಕ್ಷರಕ್ಕೊಮ್ಮೆ ಎತ್ತುತ್ತಿದ್ದದ್ದು ಎರಡು ಅಕ್ಷರಕ್ಕೊಮ್ಮೆ, ನಂತರ ಪದಕ್ಕೊಮ್ಮೆ ಆದರೆ ಅಭ್ಯಾಸ ತರಗತಿಗೆ ತಲುಪಿದೆ. ಹರಿವಾಣದ ಅಂಕಕ್ಕಿಂತ ಈ ಗೀಟುಗಳಿಗೆ ಬೆಲೆ ಹೆಚ್ಚು.

ಲಕ್ವ ಆದವರಿಗೆ, ಮರೆವಿನ ಕಾಯಿಲೆಯವರಿಗೆ

ಇಲ್ಲಿ ನಿಯಮವೇ ಬೇರೆ. ಮಕ್ಕಳಿಗೆ ತಪ್ಪಿದರೂ ತಿದ್ದಿಕೊಂಡು ಕಲಿಯುವ ಅವಕಾಶವಿದೆ. ತೀವ್ರ ಮರೆವು ಇರುವವರಲ್ಲಿ ಒಮ್ಮೆ ಬಂದ ತಪ್ಪು ಉತ್ತರವೇ ಅಚ್ಚೊತ್ತುತ್ತದೆ, ತಪ್ಪಿಗೆ ಎಡೆಗೊಡದೆ ಕಲಿಸಿದರೆ ಅವರು ಹೆಚ್ಚು ಕಲಿಯುತ್ತಾರೆ ಎಂದು ಮನೋವಿಜ್ಞಾನಿಗಳಾದ ಬ್ಯಾಡ್ಲಿ ಮತ್ತು ವಿಲ್ಸನ್ 1994ರಲ್ಲಿ ತೋರಿಸಿದರು. ಆದ್ದರಿಂದ ‘ಅಮ್ಮಾ, ಸ್ವಲ್ಪ ನೆನಪು ಮಾಡ್ಕೊಳ್ಳಿ, ಎಲ್ಲಿಟ್ರಿ?’ ಎಂದು ಒತ್ತಾಯಿಸಬೇಡಿ. ‘ಅಮ್ಮಾ, ಜೀರಿಗೆ ಮೇಲಿನ ಸಾಲಿನ ಎಡ ತುದಿಯಲ್ಲಿದೆ. ಎಲ್ಲಿದೆ, ತೋರಿಸಿ’ ಎಂದು ಉತ್ತರ ಕೊಟ್ಟೇ ಕೇಳಿ. 30 ಸೆಕೆಂಡು ಬಿಟ್ಟು ಮತ್ತೆ ಕೇಳಿ. ನಂತರ 1 ನಿಮಿಷ, 2, 4, 8 ನಿಮಿಷ. ಅಂತರದಲ್ಲಿ ಬೇರೆ ಮಾತು, ಬೇರೆ ಕೆಲಸ ನಡೆಯಲಿ. ತಪ್ಪಿದರೆ ತಕ್ಷಣ ಸರಿ ಉತ್ತರ ಹೇಳಿ, ಹೇಳಿಸಿ, ಹಿಂದೆ ಸರಿ ಬಂದ ಅಂತರಕ್ಕೆ ಇಳಿಯಿರಿ. ಒಂದು ಸಲಕ್ಕೆ ಒಂದೇ ಡಬ್ಬಿ. ಮತ್ತು ಮನೆಯವರೆಲ್ಲ ಆ ಡಬ್ಬಿಯನ್ನು ಅದೇ ಜಾಗದಲ್ಲಿ ಇಡಬೇಕು. ಸೊಸೆ ಒಂದು ಕಡೆ, ಮೊಮ್ಮಗ ಇನ್ನೊಂದು ಕಡೆ ಇಟ್ಟರೆ ಈ ಶ್ರಮ ಅಷ್ಟೂ ವ್ಯರ್ಥ. ಪಾರದರ್ಶಕ ಡಬ್ಬಿ ಕೊಂಡರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ, ಅದನ್ನು ಸೋಲು ಎಂದು ಎಣಿಸಬೇಕಿಲ್ಲ.

ದಾರಿಯ ನೆನಪಿಗೆ ಮನೆಯಿಂದ ಬಸ್‌ಸ್ಟ್ಯಾಂಡಿನವರೆಗೆ ತಿರುವಿರುವ ಕಡೆಯೆಲ್ಲ ಒಂದೊಂದು ಫೋಟೊ ತೆಗೆಯಿರಿ. ತಿರುವಿನ ಗುರುತು ಕಟ್ಟಡವೋ ಮರವೋ ಆಗಿರಲಿ, ನಿಂತ ಆಟೋ, ಹೂವಿನ ಗಾಡಿ ನಾಳೆ ಅಲ್ಲಿರುವುದಿಲ್ಲ. ಮನೆಯಲ್ಲಿ ಫೋಟೊಗಳನ್ನು ಕ್ರಮವಾಗಿ ಜೋಡಿಸಿ, ನಂತರ ಜೊತೆಗೆ ನಡೆಯಿರಿ, ಪ್ರತಿ ಗುರುತು ಬರುವ ಮೊದಲೇ ‘ಮುಂದೇನು’ ಎಂದು ಕೇಳಿ. ದೂರದ ಪ್ರಯಾಣಕ್ಕೆ ಹೊಳೆಗಳೇ ಗುರುತು: ಕಾರವಾರದಿಂದ ಹೆದ್ದಾರಿ 66ರಲ್ಲಿ ದಕ್ಷಿಣಕ್ಕೆ ಹೋಗುವಾಗ ಗಂಗಾವಳಿ, ಅಘನಾಶಿನಿ, ಶರಾವತಿ ಈ ಕ್ರಮದಲ್ಲಿ ಸೇತುವೆಗಳು ಬರುತ್ತವೆ.

ಕೆಲಸಕ್ಕೆ ಮರಳಬೇಕಾದವರಿಗೆ ಶಿರಸಿ ಕಡೆ ಅಡಿಕೆ ಆರಿಸುವುದಕ್ಕಿಂತ ಒಳ್ಳೆಯ ಚಟುವಟಿಕೆ ಇಲ್ಲ. ಮಾದರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಕೈಗೆ ಬಂದ ಪ್ರತಿ ಅಡಿಕೆಯನ್ನು ಅದಕ್ಕೆ ಹೋಲಿಸುವುದೇ ಆ ಕೆಲಸ. ಮೊದಲು ಎರಡೇ ಬಗೆ: ಒಳ್ಳೆಯ ಚಾಲಿ (ಹಣ್ಣಡಿಕೆ ಒಣಗಿಸಿ ಸುಲಿದದ್ದು) ಮತ್ತು ಕೋಕಾ (ಕೀಳು ದರ್ಜೆಯದು). ಒಟ್ಟು 20 ಅಡಿಕೆ, ಎರಡರ ಮಾದರಿಯೂ ಎದುರಿನ ಬಟ್ಟಲಲ್ಲಿ ಕಾಣುತ್ತಿರಲಿ. 18 ಸರಿಯಾದ ಮೇಲೆ ಮಾದರಿಯ ಬಟ್ಟಲು ಮುಚ್ಚಿ. ಸಂಶಯ ಬಂದಾಗ ತೆರೆದು ನೋಡಬಹುದು, ಎಷ್ಟು ಸಲ ತೆರೆದರೆಂದು ಗೀಟು ಹಾಕಿ. ಆಮೇಲೆ ಬಿಳಿಗೋಟು ಎಂಬ ಮೂರನೆಯ ಬಗೆ ಸೇರಿಸಿ. ಕಿಟಕಿಯ ಬೆಳಕಿನಲ್ಲೇ ಮಾಡಿ, ಹಳದಿ ಬಲ್ಬಿನಡಿ ಬಣ್ಣದ ಸೂಕ್ಷ್ಮ ತಿಳಿಯುವುದಿಲ್ಲ. ಎಡಭಾಗ ಗಮನಕ್ಕೆ ಬಾರದವರಿಗೆ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಹತ್ತಿರವೂ ಬಿಡಬೇಡಿ. ಆರಿಸುವುದು ಬಂದ ಮಾತ್ರಕ್ಕೆ ಸುಲಿಯುವುದು ಸುರಕ್ಷಿತವಾಗುವುದಿಲ್ಲ. ಕರಾವಳಿಯಲ್ಲಿ ಇದೇ ಕ್ರಮದಲ್ಲಿ ಬಂಗಡೆ, ತಾರ್ಲೆ ಮೀನುಗಳನ್ನು ವಿಂಗಡಿಸಬಹುದು.

ಮಳೆಗಾಲ, ಹೊತ್ತು, ಲೆಕ್ಕ

ಜೂನ್ ಬಂದರೆ ರಟ್ಟಿನ ಕಾರ್ಡು ಉಬ್ಬಿ ಬಾಗುತ್ತದೆ, ಬೂಷ್ಟು ಹಿಡಿಯುತ್ತದೆ. ಬಾಗಿದ ಕಾರ್ಡನ್ನು ಮಕ್ಕಳು ಆಕಾರದಿಂದಲೇ ಗುರುತಿಸುವುದರಿಂದ ಅದು ಕೆಲಸಕ್ಕೆ ಬಾರದು. ಹೊಳಪಿಲ್ಲದ ಲ್ಯಾಮಿನೇಷನ್ ಮಾಡಿಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ರಂಗೋಲಿ ಪುಡಿಯೂ ಗಂಟು ಕಟ್ಟುತ್ತದೆ, ಆಗ ಪಾಟಿ–ಬಳಪವೇ ಸರಿ. ಮೋಡದ ದಿನ ಜಗುಲಿಯಲ್ಲಿ, ಬೆಳಕಿಗೆ ಎದುರಾಗಿ ಅಲ್ಲ, ಬೆಳಕು ಪಕ್ಕದಿಂದ ಬೀಳುವಂತೆ ಕೂರಿಸಿ.

ವಾರಕ್ಕೆ ಐದು ದಿನ, ದಿನಕ್ಕೆ 20 ನಿಮಿಷ. ಸಣ್ಣ ಮಕ್ಕಳಿಗೆ ಹತ್ತರಂತೆ ಎರಡು ಸಲ. ಶಾಲೆಯಿಂದ ಬಂದ ಕೂಡಲೇ ಬೇಡ, ತಿಂಡಿ ಆಗಿ ಅರ್ಧ ಗಂಟೆ ಆಡಲಿ. ಹತ್ತರಲ್ಲಿ ಎಂಟು ಸರಿ ಎರಡು ದಿನ ಬಂದರೆ ಒಂದು ಹಂತ ಮೇಲೆ, ಐದಕ್ಕಿಂತ ಕಡಿಮೆಯಾದರೆ ಒಂದು ಹಂತ ಕೆಳಗೆ. ಪುಸ್ತಕದಲ್ಲಿ ದಿನಾಂಕ, ಚಟುವಟಿಕೆ, ವಸ್ತುವಿನ ಸಂಖ್ಯೆ, ತೋರಿಸಿದ ಮತ್ತು ಕಾದ ಸೆಕೆಂಡು, ಸರಿ–ತಪ್ಪು, ತಪ್ಪಿನ ಬಗೆ ಬರೆಯಿರಿ. ಆರು ವಾರದ ನಂತರವೂ ತಲೆ ಎತ್ತಿದ ಗೀಟು, ಮಾದರಿ ತೆರೆದ ಗೀಟು ಕಡಿಮೆಯಾಗದಿದ್ದರೆ ಅದೇ ಅಭ್ಯಾಸ ಮುಂದುವರಿಸಬೇಡಿ, ಥೆರಪಿಸ್ಟರಿಂದ ಮರುಪರೀಕ್ಷೆ ಮಾಡಿಸಿ.

ದೊಡ್ಡವರಲ್ಲಿ ನೆನಪು ಅಥವಾ ನೋಟ ಹಠಾತ್ತನೆ ಕೆಟ್ಟರೆ, ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ ಅಭ್ಯಾಸದ ಮಾತೇ ಇಲ್ಲ, 108ಕ್ಕೆ ಕರೆ ಮಾಡಿ. ಲಕ್ವದ ರಕ್ತಹೆಪ್ಪು ಕರಗಿಸುವ ಮದ್ದಿಗೆ ನಾಲ್ಕೂವರೆ ಗಂಟೆಯ ಗಡುವಿದೆ. ಕಲಿತ ಅಕ್ಷರಗಳನ್ನೇ ಮಗು ಕಳೆದುಕೊಳ್ಳುತ್ತಿದ್ದರೆ, ನಡುನಡುವೆ ಕೆಲವು ಸೆಕೆಂಡು ಶೂನ್ಯದತ್ತ ದಿಟ್ಟಿಸಿ ಕರೆದರೂ ಓಗೊಡದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ಫಿಟ್ಸಿನ ಒಂದು ಬಗೆ ಹೀಗೆಯೇ ಕಾಣುತ್ತದೆ. ಓದು–ಬರಹದ ತೊಂದರೆ ಬಹಳವಿದ್ದರೆ ಕಲಿಕಾ ನ್ಯೂನತೆಯ ಪರೀಕ್ಷೆ ಕೇಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಅದೂ ಸೇರಿದೆ. ಹೋಗುವಾಗ ಮಗುವಿನ ಶಾಲೆಯ ಎರಡು ನೋಟ್‌ಬುಕ್ಕು, ಕಣ್ಣಿನ ಪರೀಕ್ಷೆಯ ಚೀಟಿ, ನೀವು ಬರೆದಿಟ್ಟ ಆರು ವಾರದ ಲೆಕ್ಕ ಜೊತೆಗಿರಲಿ.